ಮುನ್ನೂರು ಕ್ಯಾಂಡಲ್ ಪವರಿನ ಮುಖದರ್ಶನ

ನನ್ನ ಹೆಂಡತಿಯ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ ಎಂದರೆ ನೀವು ನಗುತ್ತೀರಿ. ಮಗಳನ್ನು ತಳಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟ ಗಂಡಸು ಆಡುವ ಮಾತೇ ಇದು ಎನ್ನುತ್ತೀರಿ. ನಮ್ಮ ಅವಲಪಲ್ಲಿಯ ಸಂಸಾರದ ಕ್ರಮವನ್ನು ಸ್ವಲ್ಪ ಕೇಳಿ, ಆಮೇಲೆ ನಗಿ. ಕೋಳಿ ಕೂಗುವ ಮುಂಚೆ ನಾನು ಎತ್ತು ಹೊಡೆದುಕೊಂಡು ಹೊಲಕ್ಕೆ. ಮಧ್ಯಾಹ್ನ ಅವಳು ಬುತ್ತಿ ತಂದರೆ ಸೆರಗು ಹುಬ್ಬಿನ ತನಕ, ಬಿಸಿಲು ನನ್ನ ಕಣ್ಣಿಗೆ. ಬುತ್ತಿ ಬದುವಿನ ಮೇಲಿಟ್ಟು ಕಳೆ ಕೀಳಲು ಬಗ್ಗಿದಳೆಂದರೆ ಕಾಣುವುದು ಬೆನ್ನು. ಮನೆಯಲ್ಲೋ, ನಮ್ಮವ್ವ ಇರುವ ತನಕ ಹಿರಿಯರ ಮುಂದೆ ಗಂಡಹೆಂಡಿರು ಮುಖ ಕೊಟ್ಟು ಮಾತಾಡುವ ಹಾಗಿರಲಿಲ್ಲ. ಅವಳು ಕಂಬಕ್ಕೆ ಹೇಳುವಳು, ನಾನು ಕಂಬದಿಂದ ಕೇಳಿಸಿಕೊಳ್ಳುವೆನು. (ಆ ಕಂಬಕ್ಕೆ ಬಾಯಿದ್ದಿದ್ದರೆ ನಮ್ಮ ಸಂಸಾರದ ಪುರಾಣವನ್ನು ನನಗಿಂತ ಚೆನ್ನಾಗಿ ಹೇಳುತ್ತಿತ್ತು.) ಇನ್ನು ಉಳಿದದ್ದು ಕತ್ತಲಾದ ಮೇಲಿನ ಹೊತ್ತು. ಅದಕ್ಕೆ ಬುಡ್ಡಿ ದೀಪ.

ಬುಡ್ಡಿ ದೀಪದ ವಿಷಯ ನಿಮಗೆ ಗೊತ್ತಿದೆ. ಅದು ಬೆಳಕು ಕೊಡುವುದಿಲ್ಲ, ಕತ್ತಲೆ ಎಲ್ಲೆಲ್ಲಿದೆ ಎಂದು ತೋರಿಸುತ್ತದೆ, ಅಷ್ಟೆ. ಅದರ ಮೇಲೆ ಸೀಮೆಎಣ್ಣೆ ರೇಷನ್ನಿನ ಕಾಲ. ನನ್ನ ಹೆಂಡತಿ ಅಶ್ವತ್ಥಮ್ಮ ಬತ್ತಿಯನ್ನು ಎಷ್ಟು ಕೆಳಗಿಳಿಸುತ್ತಿದ್ದಳೆಂದರೆ ಸೊಳ್ಳೆಗೂ ದಾರಿ ತಪ್ಪುತ್ತಿತ್ತು. ಇರುವ ಒಂದು ದೀಪ ಕೆಲಸ ಇದ್ದ ಕಡೆ ಹೋಗಬೇಕು. ಮುದ್ದೆ ತೊಳಸುವಾಗ ಅವಳ ಒಂದು ಕಿವಿ, ಒಲೆ ಊದುವಾಗ ಅರ್ಧ ಗಲ್ಲ, ಹಸುವಿಗೆ ಹುಲ್ಲು ಹಾಕುವಾಗ ಮೂಗಿನ ತುದಿ, ಇಷ್ಟು ನನ್ನ ಪಾಲು. ಈ ಚೂರುಗಳನ್ನು ಜೋಡಿಸಿ ಜೋಡಿಸಿ ನಾನು ಮನಸ್ಸಿನಲ್ಲೇ ಒಂದು ಮುಖ ಮಾಡಿಕೊಂಡಿದ್ದೆ. ನೇಗಿಲ ಹಿಂದೆ ನಡೆಯುವಾಗ ಅದು ನನ್ನ ಮುಂದೆ ಮುಂದೆ ತೇಲುತ್ತಿತ್ತು. ಬಹಳ ಚೆಲುವಾದ ಮುಖ. ಆದರೆ ಅದು ಅವಳದೇ ಹೌದೋ ಅಲ್ಲವೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ಅವ್ವ ತೀರಿಕೊಂಡು, ಮಗಳೂ ಗಂಡನ ಮನೆ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮುಖ ಕೊಟ್ಟು ಮಾತಾಡಲು ಈಗ ಯಾರ ಅಡ್ಡಿಯೂ ಇರಲಿಲ್ಲ, ಬೆಳಕಿನದೊಂದೇ ಕೊರತೆ. ಯುದ್ಧ ಮುಗಿದ ಮರುವರ್ಷ ಅಶ್ವತ್ಥಮ್ಮ ನನ್ನನ್ನು ಬೆಂಗಳೂರಿಗೆ ಕಳಿಸಿದಳು. ನೀರು ಕಾಯಿಸುವ ಹಂಡೆ ತೂತಾಗಿತ್ತು. ತಾಮ್ರದ ಹೊಸ ಹಂಡೆ ತರಬೇಕೆಂದು ಅಪ್ಪಣೆ. ನಾನು ಹೋದೆ. ಆದರೆ ದಂಡಿನ ಪೇಟೆಯಲ್ಲಿ ಸೋಲ್ಜರುಗಳು ಬಿಟ್ಟುಹೋದ ಸಾಮಾನನ್ನು ರಾಶಿ ಹಾಕಿ ಮಾರುತ್ತಿದ್ದರು. ಆ ರಾಶಿಯ ನಡುವೆ, ಬೂಟು ಬಕೆಟ್ಟುಗಳ ಮಧ್ಯೆ, ಒಂದು ಗ್ಯಾಸ್ ಲೈಟು ಹಿತ್ತಾಳೆ ಹೊಟ್ಟೆ ತೋರಿಸಿಕೊಂಡು ನನ್ನನ್ನೇ ನೋಡುತ್ತಾ ಕೂತಿತ್ತು.

ಮಾರುವವನ ಮಾತಿನಲ್ಲಿ ತಮಿಳು ಅರ್ಧ, ಉರ್ದು ಅರ್ಧ, ದೀಪದ ಇಂಗ್ಲಿಷು ಪೂರ್ತಿ. ಮುನ್ನೂರು ಕ್ಯಾಂಡಲ್ ಪವರು ಎಂದ. ವೇಪರೈಸರು ಎಂದ. ರಿಫ್ಲೆಕ್ಟರು ಎಂದ. ಕೊನೆಗೆ ಕಾಗದದ ಪೊಟ್ಟಣದಿಂದ ಬೆರಳಿಗೆ ತೊಡಿಸುವ ಕುಲಾವಿಯಂಥದ್ದನ್ನು ತೆಗೆದು, ಇದು ಮ್ಯಾಂಟಲ್, ಇದಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ತಗಡು ಎಂದ. ನಾನು ಒಂದೊಂದಕ್ಕೂ ಅರ್ಥ ಕೇಳಿ, ಬಾಯಿಪಾಠ ಮಾಡಿ, ಅವನ ಮುಂದೆ ಒಪ್ಪಿಸಿದೆ. ಅವನು ತಲೆದೂಗಿದ. ಹಂಡೆ ಅಲ್ಲಿಗೆ ಮುಗಿಯಿತು.

ಬಸ್ಸಿನಲ್ಲಿ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅತ್ತಿಬೆಲೆ ದಾಟುವಾಗ ಸಂಜೆಯ ಬಿಸಿಲು ಗಾಜಿನ ಮೇಲೆ ಬಿದ್ದು, ದೀಪ ತಾನಾಗಿ ಹೊತ್ತಿಕೊಂಡ ಹಾಗೆ ಕಂಡಿತು. ಕಣ್ಣು ಮುಚ್ಚಿದೆ. ನಮ್ಮ ನಡುಮನೆಯ ತೊಲೆಯಲ್ಲಿ ದೀಪ ತೂಗುತ್ತಿದೆ. ಅದರ ಕೆಳಗೆ ಅಶ್ವತ್ಥಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ನನ್ನ ಕಡೆ ತಿರುಗುತ್ತಿದ್ದಾಳೆ. ತಿರುಗುತ್ತಾಳೆ, ಇನ್ನೇನು ತಿರುಗಿದಳು... ಅಷ್ಟರಲ್ಲಿ ಕಂಡಕ್ಟರ್ ಭುಜ ಅಲ್ಲಾಡಿಸಿ ಹೊಸೂರು ಬಂತು, ಇಳಿಯಪ್ಪ ಎಂದ. ಅವನು ಇನ್ನೊಂದು ಗಳಿಗೆ ತಡೆದಿದ್ದರೆ ದೀಪದ ಕೆಲಸ ಕನಸಿನಲ್ಲೇ ಆಗಿಹೋಗುತ್ತಿತ್ತು.

ಮನೆಯ ಬಾಗಿಲಲ್ಲಿ ಅಶ್ವತ್ಥಮ್ಮ ನನ್ನ ಕೈ ನೋಡಿದಳು, ಬೆನ್ನು ನೋಡಿದಳು, ಬೀದಿಯ ಉದ್ದಕ್ಕೂ ನೋಡಿದಳು.

"ಹಂಡೆ ಎಲ್ಲಿ?"

ನಾನು ಜಗಲಿಯ ಮೇಲೆ ದೀಪವನ್ನಿಟ್ಟು, ಪೇಟ ಸರಿಮಾಡಿಕೊಂಡು, ಮುನ್ನೂರು ಕ್ಯಾಂಡಲ್ ಪವರು ಎಂದು ಘೋಷಿಸಿದೆ. ಮುನ್ನೂರು ಮೇಣದಬತ್ತಿಗಳನ್ನು ಒಟ್ಟಿಗೆ ಹಚ್ಚಿದಷ್ಟು ಬೆಳಕು ಎಂದು ಭಾಷ್ಯವನ್ನೂ ಮಾಡಿದೆ.

"ಯಾರು ಹಚ್ಚಿ ನೋಡ್ದೋರು?" ಎಂದಳು.

ಇದಕ್ಕೆ ಉತ್ತರವನ್ನು ಮಾರುವವನು ಹೇಳಿಕೊಟ್ಟಿರಲಿಲ್ಲ.

"ಒಂದ್ ಬುಡ್ಡೀಲಿ ಮುದ್ದೆ ಉಂಡು ಮಲಗೋ ಮನೆಗೆ ಮುನ್ನೂರು ಯಾತಕ್ಕೆ? ಮಿಕ್ಕಿದ್ ಬೆಳಕನ್ನ ಎಲ್ಲಿ ತುಂಬಿಕ್ಕೋದು?"

ಯಾತಕ್ಕೆ ಎಂಬುದನ್ನು ಹೇಳಲು ಬಾಯಿ ಬರಲಿಲ್ಲ. ನಿನ್ನ ಮುಖ ನೋಡಲು ಎಂದು ಹೇಳುವ ವಯಸ್ಸು ಕಳೆದಿತ್ತು, ಅಥವಾ ಆ ವಯಸ್ಸಿನಲ್ಲಿ ಕಂಬ ಅಡ್ಡ ಇತ್ತು. ರಾಗಿಯಲ್ಲಿ ಕಲ್ಲು ಆರಿಸಲು ಅನುಕೂಲ ಎಂದುಬಿಟ್ಟೆ. ಅದು ತಪ್ಪಾಯಿತು. ತಾನು ಮಾಡಿದ ಮುದ್ದೆಯಲ್ಲಿ ಯಾವತ್ತು ಯಾರ ಹಲ್ಲಿಗೆ ಕಲ್ಲು ಸಿಕ್ಕಿತ್ತು, ನಮ್ಮವ್ವ ಮಾಡಿದ ಮುದ್ದೆಯಲ್ಲಿ ಎಷ್ಟು ಸಿಗುತ್ತಿತ್ತು ಎಂಬ ವಿಚಾರಣೆ ಎದ್ದು, ಒಲೆಯ ಮೇಲಿನ ಸಾರು ತಳ ಹಿಡಿಯಿತು. ಕಡೆಗೆ ಅವಳು ತೀರ್ಪು ಕೊಟ್ಟಳು.

"ನಾಳೆ ಸಂಜೆ ಬೇರಿಕೆಯಿಂದ ಅಪ್ಪ ಬತ್ತಾನೆ. ಅಪ್ಪನ ಮುಂದೆ ಹತ್ತಿದ್ರೆ ಇರ್ಲಿ. ಹತ್ತಲಿಲ್ಲ ಅಂದ್ರೆ ನಾಡಿದ್ದು ಬಸ್ಸಿಗೆ ಅದೂ ನೀವೂ ಹೊಂಟೋಗಿ, ಹಂಡೆ ತಕ್ಕಂಡು ಬನ್ನಿ."

ನಾನು ಒಪ್ಪಿದೆ. ಆ ರಾತ್ರಿಯೇ ಅವಳಿಗೆ ದೀಪದ ಪರಿಭಾಷೆಯನ್ನೆಲ್ಲ ತಿಳಿಯಹೇಳಿದೆ. ಸೀಮೆಎಣ್ಣೆ ಕೊಳವೆಯಲ್ಲಿ ಏರಿ, ಕಾದು, ಎಸರಿನ ಆವಿಯ ಹಾಗೆ ಆವಿಯಾಗುತ್ತದೆ, ಆ ಕೊಳವೆಯೇ ವೇಪರೈಸರು. ಮೇಲಿನ ತಗಡಿನ ಛತ್ರಿ ಬೆಳಕನ್ನು ಸೂರಿಗೆ ಹೋಗಗೊಡದೆ ಕೆಳಕ್ಕೆ ತಳ್ಳುತ್ತದೆ, ಅದು ರಿಫ್ಲೆಕ್ಟರು. ಮ್ಯಾಂಟಲ್ ಎಂದರೇನು ಎಂದು ಅವಳು ಕೇಳಿದಾಗ ನನಗೆ ಹುಮ್ಮಸ್ಸು ಜಾಸ್ತಿಯಾಗಿ, ಅದು ದೀಪ ಉಡುವ ಬಟ್ಟೆ, ರೇಷ್ಮೆಯದು, ಅದನ್ನು ಉಡಿಸದೆ ದೀಪವನ್ನು ನಾಲ್ಕು ಜನರ ಮುಂದೆ ತರುವ ಹಾಗಿಲ್ಲ ಎಂದೆ. ಅದು ಇರುವುದು ಒಂದೇ, ಹೊಸೂರು ಪೇಟೆಯಲ್ಲಿ ಯುದ್ಧ ಶುರುವಾದಾಗಿನಿಂದ ಇದು ಸಿಕ್ಕಿಲ್ಲ, ಜೋಪಾನ ಎಂದೂ ಹೇಳಿದೆ. ಅವಳು ಪೊಟ್ಟಣವನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. ಇಷ್ಟು ಶ್ರದ್ಧೆಯಿಂದ ಅವಳು ನನ್ನ ಮಾತು ಕೇಳಿದ್ದು ನನಗೆ ನೆನಪಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಾರನೆಯ ಸಂಜೆ ಮಾವ ವೆಂಕಟರಮಣಪ್ಪನವರು ಒಂದು ಮೂಟೆ ಅವರೆಕಾಯಿ ಸಮೇತ ಗಾಡಿಯಲ್ಲಿ ಬಂದಿಳಿದರು. ಪಕ್ಕದ ಮನೆಯ ಬೈರಮ್ಮ ಕಾಯಿ ಬಿಡಿಸಿಕೊಡುವ ನೆಪದಲ್ಲಿ ಬಂದು ಗೋಡೆಗೊರಗಿದಳು. ನಾನು ದೀಪವನ್ನು ನಡುಮನೆಯಲ್ಲಿಟ್ಟು, ಟ್ಯಾಂಕಿಗೆ ಎಣ್ಣೆ ತುಂಬಿ, ಮ್ಯಾಂಟಲ್ ತಾ ಎಂದೆ. ಅಶ್ವತ್ಥಮ್ಮ ದೇವರ ಮೂಲೆಯಿಂದ ಪೊಟ್ಟಣ ತಂದಳು. ಬಿಚ್ಚಿದೆ. ಬೆಳ್ಳಗಿದ್ದದ್ದು ಹಳದಿಯಾಗಿತ್ತು.

"ಇದಕ್ಕೇನೇ ಬಳಿದೆ?"

"ಅರಿಶಿನ," ಎಂದಳು. "ಹೊಸ ಬಟ್ಟೆಗೆ ಅರಿಶಿನ ಹಚ್ದೆ ಯಾರಾದ್ರೂ ಉಡುಸ್ತಾರಾ? ಮೂಲೆ ಹುಡುಕ್ದೆ, ಮೂಲೇನೇ ಇರ್ಲಿಲ್ಲ. ಅದಕ್ಕೇ ಸುತ್ತಾ ಹಚ್ಚಿ ದೇವರ ಮುಂದೆ ಇಕ್ಕಿದ್ದೆ."

ಇರುವ ಒಂದೇ ಮ್ಯಾಂಟಲ್ಲು ಮದುವಣಗಿತ್ತಿಯ ಹಾಗೆ ಕೂತಿದೆ! ನಾನು ಕೂಗಾಡಿದೆ, ಮಾವ ಮಗಳ ಪರ ನಿಂತರು. ಹೊಸ ಬಟ್ಟೆ ಮನುಷ್ಯ ಉಟ್ಟರೇನು, ದೀಪ ಉಟ್ಟರೇನು, ಶಾಸ್ತ್ರ ಶಾಸ್ತ್ರವೇ ಎಂದರು. ಇದನ್ನು ಉಡಿಸುವುದಲ್ಲ, ಕಟ್ಟಿ ಮೊದಲು ಸುಡಬೇಕು, ಸುಟ್ಟು ಬೂದಿಯಾದ ಮೇಲೆ ಬೆಳಗುವುದೇ ಆ ಬೂದಿ ಎಂದು ನಾನು ಕೋಪದಲ್ಲಿ ಅಂದುಬಿಟ್ಟೆ.

ಹೊಸ ಬಟ್ಟೆ ಹಾಕಿ ಬೆಂಕಿ ಮುಟ್ಟಿಸುವುದು ಯಾವ ಜಾಗದಲ್ಲಿ ಎಂದು ಎಲ್ಲರಿಗೂ ಗೊತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಆ ಜಾಗದ ಹೆಸರನ್ನು ಯಾರೂ ಎತ್ತಲಿಲ್ಲ. ಬೈರಮ್ಮ ಮಾತ್ರ ಸದ್ದಿಲ್ಲದೆ ಎದ್ದು ಬಾಗಿಲ ಹತ್ತಿರ ಹೋಗಿ ಕೂತಳು. ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಬಂದ ಮಾರ್ನೇ ದಿನಾನೇ?" ಎಂದಳು. ಆ ದನಿ ಕೇಳಿ ನನಗೂ ಸಂಕಟವಾಯಿತು. ಆದರೆ ಹಂಡೆ ಒಂದು ಕಡೆ, ಮುಖ ಒಂದು ಕಡೆ. ಮನೆದೇವರನ್ನು ನೆನೆದು ಮ್ಯಾಂಟಲ್ ಕಟ್ಟಿ, ಸ್ಪಿರಿಟ್ ಸುರಿದು ಕಡ್ಡಿ ಗೀರಿದೆ.

ನೀಲಿ ಉರಿ ಮೇಲೆದ್ದು ಬಟ್ಟೆಯನ್ನು ನೆಕ್ಕಿತು. ಅದು ಕಪ್ಪಾಯಿತು, ಮುದುಡಿತು, ಅರಿಶಿನ ಸೀದು ಒಗ್ಗರಣೆಯ ವಾಸನೆ ಬಂತು. ಮಾವ ತಲೆಯ ಮೇಲಿನ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ನಾನು ಪಂಪು ಹೊಡೆದೆ, ಹೊಡೆದೆ, ಬೆವರು ಕಣ್ಣಿಗಿಳಿಯುವ ತನಕ ಹೊಡೆದೆ. ದೀಪ ಒಮ್ಮೆ ಕೆಮ್ಮಿತು. ಆಮೇಲೆ ಸೊಂಯ್ ಎಂದು ಉಸಿರೆಳೆದುಕೊಂಡು, ಬೆಳ್ಳಗೆ, ಒಂದೇ ಸಲಕ್ಕೆ, ಅರಳಿತು.

ಎಲ್ಲರೂ ತಮಗೆ ಗೊತ್ತಿಲ್ಲದ ಹಾಗೆ ಕೈ ಮುಗಿದರು. ನಾನು ದೀಪವನ್ನು ಎತ್ತಿ ತೊಲೆಯ ಕೊಕ್ಕೆಗೆ ತಗುಲಿಸಿದೆ. ನಮ್ಮ ಮನೆ ಎಲ್ಲೋ ಹೋಗಿ, ಅದರ ಜಾಗದಲ್ಲಿ ಬೆಳದಿಂಗಳಲ್ಲಿ ತೊಳೆದಿಟ್ಟ ಬೇರೊಂದು ಮನೆ ಬಂದು ನಿಂತಿತ್ತು. ಒನಕೆಯ ಮೇಲೆ ಹಿಟ್ಟಿನ ಧೂಳು ಕಂಡಿತು, ಅಟ್ಟದ ಮೇಲಿನ ಬೆಕ್ಕಿನ ಮೀಸೆ ಕಂಡಿತು, ರಾಶಿಯ ಅವರೆಕಾಯಿ ಒಂದೊಂದೂ ಬೇರೆ ಬೇರೆ ಹಸಿರಾಗಿ ಕಂಡಿತು. ಸೊಂಯ್ ಎನ್ನುವ ಆ ಸದ್ದಿನಲ್ಲಿ ನಾನು ತೇಲಿ ತೇಲಿ, ಮೆಲ್ಲಗೆ ತಿರುಗಿದೆ. ಅಶ್ವತ್ಥಮ್ಮ ದೀಪದ ಕಡೆ ಮುಖ ಎತ್ತಿ ನಿಂತಿದ್ದಳು.

ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಮುಖ ಅದಲ್ಲವೇ ಅಲ್ಲ. ಎಡಹುಬ್ಬಿನ ಪಕ್ಕ ಒಂದು ಸಣ್ಣ ಮಚ್ಚೆ, ಮೂಗಿನ ಮೇಲೆ ಎಳವೆಯಲ್ಲಿ ಸಿಡುಬಿನ ಅಮ್ಮ ಬಂದುಹೋದ ಕಲೆ, ಕಿವಿಯ ಹತ್ತಿರ ಎರಡೆಳೆ ಬಿಳಿಗೂದಲು. ಇದೊಂದೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ನನ್ನ ಮುಖಕ್ಕಿಂತ, ಎಂದರೆ ನಾನು ಕಟ್ಟಿಕೊಂಡಿದ್ದ ಮುಖಕ್ಕಿಂತ, ಇದು ಎಷ್ಟೋ ಚೆನ್ನಾಗಿತ್ತು. ಎದೆ ತುಂಬಿ ಬಂತು. ಇಷ್ಟು ವರ್ಷ ಇದು ಇಲ್ಲೇ, ಕೈಯಳತೆಯಲ್ಲಿ ಇತ್ತಲ್ಲ ಎಂದು ದುಃಖವೂ ಆಯಿತು. ಏನಾದರೂ ಹೇಳಬೇಕು ಎನಿಸಿತು. ಮಾವ ಎದುರಿಗಿದ್ದರು. ದೀಪ ಚೆನ್ನಾಗಿದೆ ಎಂದು ಕಂಬಕ್ಕೆ ಹೇಳಿದೆ.

ಆಗ ಅವಳು ನನ್ನ ಕಡೆ ತಿರುಗಿದಳು. ಬಸ್ಸಿನಲ್ಲಿ ಕಂಡ ಹಾಗೆಯೇ, ಸೆರಗು ಸರಿಮಾಡಿಕೊಳ್ಳುತ್ತಾ ತಿರುಗಿದಳು. ನನ್ನನ್ನು ನೋಡಿದಳು. ನೆತ್ತಿಯಿಂದ ಗದ್ದದ ತನಕ ಒಂದು ಸಲ, ಗದ್ದದಿಂದ ನೆತ್ತಿಯ ತನಕ ಇನ್ನೊಂದು ಸಲ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಸಾವಕಾಶವಾಗಿ ನೋಡಿದಳು. ನಾನು ಮೀಸೆಯನ್ನು ಸ್ವಲ್ಪ ಮೇಲಕ್ಕೆ ತೀಡಿಕೊಂಡೆ. ಅವಳು ನಿಟ್ಟುಸಿರು ಬಿಟ್ಟು ಅಪ್ಪನ ಕಡೆ ಹೊರಳಿದಳು.

"ಅಪ್ಪಾ, ನನ್ ಧಾರೆ ಎರೆಯೋವಾಗ ಇಂಥದ್ದೊಂದು ದೀಪ ತರ್ಸಿದ್ರೆ ಆಗ್ತಿರ್ಲಿಲ್ವಾ?"

ಮಾವ ಎಲೆಗೆ ಸುಣ್ಣ ಸವರುತ್ತಾ ನಿಧಾನವಾಗಿ ಹೇಳಿದರು. "ತರ್ಸೋಣ ಅಂತಾನೇ ಇದ್ದೆ ಕಣಮ್ಮ. ಅಳಿಯಂದ್ರ ಅವ್ವ ಬ್ಯಾಡ ಅಂದ್ಬುಟ್ರು."

ಬಾಗಿಲ ಹತ್ತಿರ ಬೈರಮ್ಮ ನಕ್ಕ ಸದ್ದು ದೀಪದ ಸದ್ದನ್ನು ಮುಚ್ಚಿಹಾಕಿತು. ಹೆತ್ತ ತಾಯಿಯೇ ನನ್ನ ಮುಖದ ಮೇಲೆ ಇಷ್ಟು ನಂಬಿಕೆ ಇಟ್ಟಿದ್ದಳೆಂದು ನನಗೆ ಅವತ್ತೇ ಗೊತ್ತಾದದ್ದು.

ಆದರೂ ಮಾತು ಮಾತೇ. ದೀಪ ಹತ್ತಿತ್ತು, ಹತ್ತಿದ ದೀಪ ಇರಲಿ ಎಂದು ಅಶ್ವತ್ಥಮ್ಮ ಎಲ್ಲರ ಮುಂದೆ ಒಪ್ಪಿದಳು. ಊಟಕ್ಕೆ ತಟ್ಟೆ ಹಾಕಿದಳು. ಮಾವನಿಗೆ ಗೋಡೆಯ ಪಕ್ಕ, ಬೈರಮ್ಮನಿಗೆ ಬಾಗಿಲ ಪಕ್ಕ. ನನ್ನ ಮಣೆಯನ್ನು ತಂದು ದೀಪದ ನೇರ ಕೆಳಗಿಟ್ಟು, ಬನ್ನಿ ಎಂದು ಕರೆದಳು. ಹಿತ್ತಾಳೆ ದೀಪದ ಕೆಳಗೆ ನಡುಮನೆಯ ನಟ್ಟನಡುವೆ ಪೀಠ! ಯಜಮಾನನಿಗೆ ತಕ್ಕ ಮರ್ಯಾದೆ ಸಿಕ್ಕಿತೆಂದು ಹೋಗಿ ಕೂತೆ. ಕೂತ ಮೇಲೆ ತಿಳಿಯಿತು, ಎಣ್ಣೆಯ ಟ್ಯಾಂಕಿನ ನೆರಳು ಚಾಪೆಯಷ್ಟು ಅಗಲಕ್ಕೆ ಬಿದ್ದದ್ದು ಸರಿಯಾಗಿ ಅಲ್ಲೇ. ಮನೆಯೆಲ್ಲ ಹಗಲು, ನನ್ನ ಮಣೆಯೊಂದು ಅಮಾವಾಸ್ಯೆ. ಮಾರುವವನು ಹೇಳಿಕೊಟ್ಟ ಪರಿಭಾಷೆಯಲ್ಲಿ ಇದಕ್ಕೆ ಹೆಸರು ಇರಲಿಲ್ಲ.

ಇಲ್ಲಿ ಕತ್ತಲು ಕಣೇ, ಮಣೆಯನ್ನು ಆ ಕಡೆ ಹಾಕು ಎಂದೆ.

"ಅಲ್ಲೇ ಇರ್ಲಿ ಬಿಡಿ," ಎಂದು ಅವಳು ಮುದ್ದೆ ಇಕ್ಕಿದಳು. "ಇಷ್ಟ್ ವರ್ಷ ಅರ್ಧಂಬರ್ಧ ನೋಡ್ಕಂಡು ಚೆನ್ನಾಗೇ ಬಾಳ್ವೆ ಮಾಡ್ದೆ. ಈಗ್ಯಾಕೆ ಕೆಡಿಸ್ಕೊಳ್ಳೋದು?"

ಅಂದಿನಿಂದ ನನ್ನ ಮಣೆ ಅಲ್ಲೇ. ಅಲ್ಲಿಂದ ಅವಳ ಮುಖ ಬಹಳ ಚೆನ್ನಾಗಿ ಕಾಣುತ್ತದೆ. ನನ್ನ ತಟ್ಟೆ ಮಾತ್ರ ಕಾಣುವುದಿಲ್ಲ.