ಅಣ್ಣನ ಅರ್ಧ ಸುತ್ತು

ಹಳೇಬೀಡಿನ ದನದ ಆಸ್ಪತ್ರೆಯ ಕಾಂಪೌಂಡರ್ ಅನಂತನಾಥನಿಗೆ ಲೋಕದಲ್ಲಿ ಯಾರ ಮೇಲೂ ಮುನಿಸಿರಲಿಲ್ಲ, ಸ್ವಂತ ಅಣ್ಣ ಧರಣಪ್ಪನೊಬ್ಬನನ್ನು ಬಿಟ್ಟು. ಕಾರಣ ಆಸ್ತಿಯಲ್ಲ, ಹೆಂಡಿರ ಜಗಳವೂ ಅಲ್ಲ. ಒಂದು ಮೋಟರ್ ಸೈಕಲ್ಲು.

ಎಂಬತ್ತೊಂದರಲ್ಲಿ ಅನಂತನಾಥ ಹಾಸನದ ನಿವೃತ್ತ ಅಮಲ್ದಾರರೊಬ್ಬರಿಂದ ಹದಿನೈದು ವರ್ಷ ಹಳೆಯ ಗಾಡಿಯೊಂದನ್ನು ಕೊಂಡು ತಂದ. ಅರಸೀಕೆರೆಯಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದ ಅಣ್ಣನನ್ನು ಒಂದು ಮಾತು ಕೇಳಲಿಲ್ಲ. (ಕೇಳಿದ್ದರೆ ಬೇಡ ಅನ್ನುತ್ತಿದ್ದ, ಅದಕ್ಕೇ ಕೇಳಲಿಲ್ಲ.) ಧರಣಪ್ಪ ಸೇಡು ತೀರಿಸಿಕೊಂಡದ್ದು ನೆಂಟರ ಮನೆಯ ನಾಮಕರಣದಲ್ಲಿ. ಪಂಕ್ತಿಯೆಲ್ಲ ಪಾಯಸಕ್ಕೆ ಕಾಯುತ್ತಿದ್ದಾಗ, "ದನದಾಸ್ಪತ್ರೇಲಿ ಇದ್ದೂ ಇದ್ದೂ ನಮ್ಮ ಅನಂತು ಮುದಿ ಎಮ್ಮೆ ತಂದವ್ನೆ ಕಣ್ರೀ. ಅದೂ ಹಾಲು ಕರೆಯದ್ದು!" ಎಂದು ದೊಡ್ಡ ದನಿಯಲ್ಲಿ ಘೋಷಿಸಿದ. ನಲವತ್ತು ಎಲೆಯ ಜನ ಒಟ್ಟಿಗೆ ನಕ್ಕರು. ಅನಂತನಾಥ ಪಾಯಸ ಬಿಟ್ಟು ಎದ್ದ. ಅಪ್ಪ ತೀರಿಕೊಂಡ ಮೇಲೆ ಹೆಗಲ ಮೇಲೆ ಹೊತ್ತು ಸಾಕಿದ ಅಣ್ಣನ ಮುಖವನ್ನು ಆಮೇಲೆ ಎರಡು ವರ್ಷ ನೋಡಲಿಲ್ಲ.

ದುರದೃಷ್ಟವೆಂದರೆ ಅಣ್ಣನ ಮಾತು ಬರಬರುತ್ತಾ ನಿಜವಾಗತೊಡಗಿತು. ನಿಂತಲ್ಲಿ ಗಾಡಿ ಗುಡುಗುಡು ಎಂದು ಸೊಗಸಾಗಿಯೇ ಇರುತ್ತಿತ್ತು. ಆಕ್ಸಿಲರೇಟರ್ ತಿರುವಿದರೆ ಮಾತ್ರ ಮುನ್ನುಗ್ಗುವ ಬದಲು "ಬೊಂ...ಯ್" ಎಂದು ಕುಗ್ಗಿ, ಒಂದು ಗಳಿಗೆ ದೀರ್ಘಾಲೋಚನೆ ಮಾಡಿ, ಮನಸ್ಸಾದರೆ ಓಡುತ್ತಿತ್ತು. ಹಗರೆ ದಾರಿಯ ಏರಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ.

ಆಗಲೇ ಅರಸೀಕೆರೆಯಿಂದ ಅತ್ತಿಗೆ ಜಿನಮತಿಯ ಕಾರ್ಡು ಬಂತು. 'ನಿಮ್ಮಣ್ಣನಿಗೆ ಎದೆನೋವು, ಹಾಸಿಗೆ ಹಿಡಿದಿದ್ದಾರೆ. ನಿಮ್ಮನ್ನು ಕರೆಸು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬಾಗಿಲ ಕಡೆಯೇ ನೋಡುತ್ತಾರೆ.'

ಅನಂತನಾಥ ಕಾರ್ಡನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡ.

"ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಹೋಗೋಣ್ವಾ?" ಎಂದಳು ಹೆಂಡತಿ ಕಾಂಚನಮಾಲಾ.

"ಬಸ್ಸಲ್ಲಾ? ಬಸ್ಸಲ್ಲಿ ಇಳಿದ್ರೆ 'ಎಲ್ಲೋ ನಿನ್ನ ಎಮ್ಮೆ' ಅಂತಾನೆ. ಭಾನುವಾರ ಗಾಡಿ ಸರಿಮಾಡಿ, ಅರವತ್ತರಲ್ಲಿ ಓಡಿಸ್ಕೊಂಡು ಹೋಗಿ ಅವನ ಬಾಗಿಲಲ್ಲೇ ನಿಲ್ಲಿಸ್ತೀನಿ."

"ಅವರಿಗೆ ಎದೆನೋವು ಕಣ್ರೀ, ನಿಮ್ಮ ಗಾಡಿಗಲ್ಲ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಮೊದಲ ಭಾನುವಾರ ಪ್ಲಗ್ಗು ಉಜ್ಜಿದ, ಕೇಬಲ್ಲಿಗೆ ಎಣ್ಣೆ ಬಿಟ್ಟ, ಗಾಳಿ ಸೋಸುವ ಫಿಲ್ಟರನ್ನು ಒಗೆದು ಹಗ್ಗದ ಮೇಲೆ ಒಣಗಹಾಕಿದ. ಸಂಜೆ ಗಾಡಿ "ಬೊಂ...ಯ್" ಎಂದಿತು. ಎರಡನೆಯ ಭಾನುವಾರ ಕಾರ್ಬೊರೇಟರಿನ ಮಹಾಶಸ್ತ್ರಚಿಕಿತ್ಸೆ. ಅದರ ಅಂಗಾಂಗಗಳನ್ನೆಲ್ಲ ದೋಸೆ ಹಿಟ್ಟಿನ ಪಾತ್ರೆಯಲ್ಲಿ ಪೆಟ್ರೋಲಿಗೆ ನೆನೆಹಾಕಿದ. ಆ ಪೆಟ್ರೋಲು ಶೋಧಿಸಲು ಕೈಗೆ ಸಿಕ್ಕ ಬಿಳಿ ಬಟ್ಟೆ, ಕಾಂಚನಮಾಲಾ ಮಡಿಯಿಂದ ಕುಡಿಯುವ ನೀರು ಸೋಸುವ ಬಟ್ಟೆ.

"ಒಂದು ಹುಳ ಸಾಯಬಾರ್ದು ಅಂತ ನೀರು ಸೋಸೋ ಬಟ್ಟೆ ರೀ ಅದು!"

"ಪೆಟ್ರೋಲಲ್ಲಿ ಹುಳ ಇರಲ್ಲ ಕಣೇ."

"ನಿಮ್ಮ ತಲೇಲಿದೆ!"

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ಊಟವಿಲ್ಲ. ಕೈಯ ಗ್ರೀಸು ಹೋಗುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದುದರಿಂದ ಎರಡು ಭಾನುವಾರವೂ ಅವನಿಗೆ ನಿರಾಹಾರ. ಸಂಗತಿ ಬಸದಿಯ ಪುರೋಹಿತರ ಕಿವಿಗೆ ಅರ್ಧ ಮಾತ್ರ ಬಿದ್ದು, "ಅಣ್ಣನ ಆರೋಗ್ಯಕ್ಕೆ ಭಾನುವಾರ ವ್ರತ ಹಿಡಿದಿದೀರಂತೆ, ಭ್ರಾತೃಪ್ರೇಮ ಅಂದ್ರೆ ಇದು" ಎಂದು ಎಲ್ಲರೆದುರು ಹೊಗಳಿಬಿಟ್ಟರು. ಅನಂತನಾಥ ಅಲ್ಲವೆನ್ನಲಿಲ್ಲ. ಆ ರಾತ್ರಿ ಮಾತ್ರ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರನೆಯ ಭಾನುವಾರ, ಎಲ್ಲೋ ಸಡಿಲವಿದೆಯೆಂದು ತೀರ್ಮಾನಿಸಿ, ಕಾರ್ಬೊರೇಟರನ್ನು ಎಂಜಿನ್ನಿಗೆ ಹಿಡಿದಿಟ್ಟ ಎರಡು ಬೋಲ್ಟುಗಳನ್ನು ಎಂದಿನ ಅಭ್ಯಾಸದಂತೆ ಹಲ್ಲುಕಚ್ಚಿ ಬಿಗಿದ. ಗಾಡಿ ಇನ್ನೂ ಕೆಟ್ಟಿತು. ಮತ್ತೆ ಬಿಗಿದ. ಕಾಂಚನಮಾಲಾ ಅಂದು ಬುತ್ತಿ ಕಟ್ಟಿಕೊಂಡು ಒಬ್ಬಳೇ ಅರಸೀಕೆರೆಯ ಬಸ್ಸು ಹತ್ತಿದ್ದಳು. ಸಂಜೆ ಬಂದವಳು ಕಾಲು ತೊಳೆದಳು.

"ಹೇಗಿದಾನೆ?"

"ಹೋಗಿ ನೋಡಿ."

"ನನ್ನ ಬಗ್ಗೆ ಏನಾದ್ರೂ ಅಂದ್ನಾ?"

"ಹೋಗಿ ಕೇಳಿ."

ಬುಧವಾರ ಬೆಳಿಗ್ಗೆ ಅರಸೀಕೆರೆಯಿಂದ ತಂತಿ ಬಂತು. ಅನಂತನಾಥ ಹಸುವೊಂದಕ್ಕೆ ಔಷಧಿ ಕುಡಿಸುತ್ತಿದ್ದ ಗೊಟ್ಟವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆದು ಬಂದ. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಗಂಡಹೆಂಡಿರು ಸಿಕ್ಕ ಬಸ್ಸು ಹತ್ತಿದರು.

ಅಣ್ಣನ ಕೈಬೆರಳುಗಳನ್ನು ಯಾರೋ ಚೆನ್ನಾಗಿ ತೊಳೆದಿದ್ದರು. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಅನಂತನಾಥ ಅದನ್ನೇ ನೋಡುತ್ತ ನಿಂತ. ಅಳು ಬರಲಿಲ್ಲ. ಬಂದವರೆಲ್ಲ ಅದನ್ನು ಗಮನಿಸಿದರು.

ಎಲ್ಲ ಮುಗಿದ ಮೇಲೆ ಅತ್ತಿಗೆ ಅವನನ್ನು ಒಳಗೆ ಕರೆದು ಒಂದು ಲಕೋಟೆ ಕೊಟ್ಟಳು.

"ಕಾಂಚನ ಬಂದಿದ್ಲಲ್ಲ, 'ಗಾಡಿ ಹೆಂಗೆ ಸದ್ದು ಮಾಡುತ್ತೆ ಮಾಡಿ ತೋರಿಸಮ್ಮ' ಅಂದ್ರು. ಅವಳು ಬೊಂಯ್ ಅಂತ ಮಾಡಿದ್ಲು. ನಕ್ಕೂ ನಕ್ಕೂ ಕೆಮ್ಮು ಹತ್ತಿಸ್ಕೊಂಡ್ರು. ಆಮೇಲೆ ಎದ್ದು ಕೂತು ಇದನ್ನ ಕತ್ತರಿಸಿದ್ರು."

ಒಳಗಿದ್ದವು ಮೂರು ಗ್ಯಾಸ್ಕೆಟ್ಟುಗಳು, ಎರಡು ಲೋಹದ ನಡುವೆ ಗಾಳಿ ನುಸುಳದಂತೆ ಇಡುವ ದಪ್ಪ ಕಾಗದದ ತುಂಡುಗಳು. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಚೀಟಿ:

'ಅನಂತು, ಬೋಲ್ಟು ಬಿಗಿದೂ ಬಿಗಿದೂ ಕಾರ್ಬೊರೇಟರ್ ಮುಖ ಬಾಗಿಸಿದ್ದೀಯ. ಸಂದಿಯಲ್ಲಿ ಕಳ್ಳಗಾಳಿ ಎಳೆಯುತ್ತಿದೆ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಮುಖ ಸಮ ಆಗುವವರೆಗೆ ಉಜ್ಜು. ಮೂರು ಗ್ಯಾಸ್ಕೆಟ್ ಇಟ್ಟಿದ್ದೇನೆ. ಒಂದು ಹರಿಯುತ್ತೀಯ, ಒಂದು ಕಳೆಯುತ್ತೀಯ, ಉಳಿದದ್ದು ಹಾಕು. ಬೋಲ್ಟನ್ನು ಬೆರಳಲ್ಲಿ ಕೂರಿಸಿ ಆಮೇಲೆ ಅರ್ಧ ಸುತ್ತು. ನಿನ್ನ ಅರ್ಧ ಅಲ್ಲ, ನನ್ನ ಅರ್ಧ.'

ವಾಪಸು ಬರುವಾಗ ಬಸ್ಸಿನಲ್ಲಿ ಅನಂತನಾಥ ಹೆಂಡತಿಯನ್ನು ಕೇಳಿದ, "ನಿಂಗೆ ಗೊತ್ತಿತ್ತಾ?"

"ಭಾವ ಆಣೆ ಹಾಕಿಸಿದ್ರು. 'ಹೇಳ್ಬೇಡ ಕಣಮ್ಮ, ಅವನೇ ಬಂದು ಕೇಳ್ಲಿ, ಕೊಡ್ತೀನಿ' ಅಂದ್ರು." ಅವಳು ಕಿಟಕಿಯ ಕಡೆ ತಿರುಗಿದಳು. "ಆಣೆ ಮುರಿದಿದ್ರೆ ನೀವು ಸೋಮವಾರವೇ ಹೋಗ್ತಿದ್ರೇನೋ."

ಅವನು ಜಗಳವಾಡಲಿಲ್ಲ. ಆಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸೂತಕ ಕಳೆದ ಮೇಲಿನ ಭಾನುವಾರ ಅನಂತನಾಥ ಗಾಜು, ಉಪ್ಪುಕಾಗದ ಹಿಡಿದು ಕೂತ. ಎರಡು ಗಂಟೆ ಉಜ್ಜಿದ. ಮೊದಲ ಗ್ಯಾಸ್ಕೆಟ್ಟು ಕೂರಿಸುವಾಗಲೇ ಹರಿಯಿತು. ಎರಡನೆಯದು ಗಾಳಿಗೆ ಹಾರಿ ಬಚ್ಚಲ ಮೋರಿ ಸೇರಿತು. ಮೂರನೆಯದನ್ನು ಮುಟ್ಟಲು ಧೈರ್ಯವಾಗದೆ ಹೆಂಡತಿಯನ್ನು ಕರೆದ. ಅವಳು ಹಿಡಿದುಕೊಂಡಳು, ಅವನು ಬೋಲ್ಟು ಕೂರಿಸಿದ. ಅರ್ಧ ಸುತ್ತು. ಇನ್ನಷ್ಟು ತಿರುಗಿಸಲು ಕೈ ತುಡಿಯಿತು.

"ಸಾಕು ಬಿಡ್ರೀ," ಎಂದಳು.

ಒದ್ದ. ತಿರುವಿದ. ಗಾಡಿ ಒಂದಿಷ್ಟೂ ತಡವರಿಸದೆ ಬೀದಿಗೆಲ್ಲ ಕೇಳುವಂತೆ ಗರ್ಜಿಸಿತು. ಅನಂತನಾಥ ಅದನ್ನು ಆಫ್ ಮಾಡಿ ಮೆಟ್ಟಿಲ ಮೇಲೆ ಕುಸಿದು ಕೂತ.

"ಸರಿಯಾಯ್ತಲ್ಲ, ಮತ್ತೇನು?"

"ಯಾರಿಗೆ ತೋರಿಸ್ಲಿ?"

ಕಾಂಚನಮಾಲಾ ಒಳಗೆ ಹೋಗಿ, ಸೀರೆ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ಕೂತಳು. "ನಡೀರಿ. ಅರಸೀಕೆರೇಲಿ ಅಕ್ಕ ಒಬ್ರೇ ಇದಾರೆ."

ಗಾಡಿ ಅರವತ್ತರಲ್ಲಿ ಓಡಿತು. ಜಾವಗಲ್ಲಿನ ಈಚೆಗೆ ಒಮ್ಮೆ ಸೀನಿ, ನಿಂತೇಹೋಯಿತು. ಅನಂತನಾಥ ಪ್ಲಗ್ಗು ಬಿಚ್ಚಿದ, ಕೇಬಲ್ಲು ಎಳೆದ, ಕಾರ್ಬೊರೇಟರಿಗೆ ಕಿವಿಯಿಟ್ಟ. ಅರ್ಧ ಗಂಟೆಯ ಮೇಲೆ ಕಾಂಚನಮಾಲಾ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದಳು. ಒಳಗೆ ಒಂದು ತೊಟ್ಟು ಪೆಟ್ರೋಲೂ ಇರಲಿಲ್ಲ. ಬೆಳಿಗ್ಗೆ ಇದ್ದುದರ ಹೆಚ್ಚುಪಾಲನ್ನು ಕಾರ್ಬೊರೇಟರಿನ ಅಭ್ಯಂಜನಕ್ಕೆ ಸುರಿದಿದ್ದ.

ಇಬ್ಬರೂ ಗಾಡಿಯನ್ನು ಜಾವಗಲ್ಲಿನ ಟೀ ಅಂಗಡಿಯವರೆಗೆ ತಳ್ಳಿ, ಅಲ್ಲೇ ಬಿಟ್ಟು ಬಸ್ಸು ಹತ್ತಿದರು.

ಬಾಗಿಲು ತೆರೆದ ಜಿನಮತಿ ಅವನ ಕರಿ ಕೈಗಳನ್ನೂ ಬೆವರಿಳಿಯುವ ಮುಖವನ್ನೂ ನೋಡಿದಳು. "ಗಾಡಿ ಸರಿಹೋಯ್ತಾ ಅನಂತೂ?"

"ಹೋಯ್ತು ಅತ್ತಿಗೆ. ಫಸ್ಟ್ ಕ್ಲಾಸ್."

"ಎಲ್ಲಿ?"

"ಜಾವಗಲ್ಲಲ್ಲಿದೆ."

ಜಿನಮತಿ ಸೆರಗು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ, ನಕ್ಕಳು. ಕಾಂಚನಮಾಲಾ ನಕ್ಕಳು. ಅನಂತನಾಥನೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಗಟ್ಟಿಯಾಗಿ ನಕ್ಕ. ನಗುತ್ತ ನಗುತ್ತಲೇ ಅವನ ದನಿ ಬೇರೆಯಾಯಿತು. ಅಂದು ಬಾರದಿದ್ದ ಅಳು ಈಗ ಬಂತು. ಅತ್ತಿಗೆ ಕಾಫಿ ತಂದಿಟ್ಟಳು. ಅದು ಆರಿ ಕೆನೆಗಟ್ಟಿದರೂ ಅಳು ನಿಲ್ಲಲಿಲ್ಲ.