ಎರಡು ಬೆರಳು ತಗ್ಗಿದ ಕಾರು

'ಆಗಾಕಿಲ್ಲ' ಎಂದವರು ನನ್ನ ಸೋದರಮಾವ, ಗಂಡಸಿಯ ರುದ್ರಪ್ಪನವರು. ಅವರು ಹಾಗೆ ಹೇಳಿದ್ದು ಅದೇ ಮೊದಲೇನಲ್ಲ. ನಾನು ಬಿ.ಎಸ್ಸಿ.ಗೆ ಸೇರುತ್ತೇನೆ ಎಂದಾಗಲೂ ಇದೇ ಮಾತು. ನಮ್ಮ ಎರಡೂ ಮನೆತನಗಳಲ್ಲಿ ಹತ್ತನೇ ತರಗತಿ ದಾಟಿದವರು ಆಗ ನನ್ನನ್ನು ಬಿಟ್ಟು ಯಾರೂ ಇರಲಿಲ್ಲವಾದ್ದರಿಂದ ಅವರ ಮಾತಿಗೆ ಆಧಾರವೂ ಇತ್ತು. ಬೆಳಿಗ್ಗೆ ಕಾಯಿ ಸುಲಿದು, ಮಧ್ಯಾಹ್ನ ಕಾಲೇಜಿಗೆ ಓಡಿ, ಭೌತಶಾಸ್ತ್ರವನ್ನು ಮೂರನೇ ಸಲಕ್ಕೆ ಪಾಸು ಮಾಡಿ ಡಿಗ್ರಿ ಸರ್ಟಿಫಿಕೇಟು ಮನೆಗೆ ತಂದೆ. ಮಾವ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, 'ಇದ್ರಾಗೆ ಸಂಬಳ ಎಲ್ಲಿ ಬರ್ದವ್ರೆ?' ಎಂದು ಕೇಳಿದರು. ಅವ್ವ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಟ್ರಂಕಿನಲ್ಲಿ ತನ್ನ ಧಾರೆ ಸೀರೆಯ ಕೆಳಗೆ ಇಟ್ಟಳು. ಇವತ್ತಿಗೂ ಅದು ಅಲ್ಲೇ ಇದೆ. ನಾನು ಅರಸೀಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು.

ಈ ಸಲದ 'ಆಗಾಕಿಲ್ಲ' ಬಂದದ್ದು ಕಾರಿನ ವಿಷಯಕ್ಕೆ. ಹೋದ ವರ್ಷ ನಾನೊಂದು ದೊಡ್ಡ ಕಾರು ಕೊಂಡೆ. ಹಳೆಯದು, ಆದರೆ ದೊಡ್ಡದು. ಚರ್ಮದ ಸೀಟು, ಬಾಗಿಲು ಹಾಕಿದರೆ ಹೊರಗಿನ ಸದ್ದೇ ಕೇಳದು. ಬೇಲೂರಿನ ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರದು. ಅವರು ತೋಟದ ಕಲ್ಲುದಾರಿಗೆಂದು ಕಂಪನಿಯವರು ಕೊಟ್ಟಿದ್ದ ಸ್ಪ್ರಿಂಗು ಬಿಚ್ಚಿಸಿ, ಎತ್ತರದ ಗಟ್ಟಿ ಸ್ಪ್ರಿಂಗು ಹಾಕಿಸಿದ್ದರು. ಹಾಗಾಗಿ ರಾಜಗಾಂಭೀರ್ಯದ ಆ ಕಾರು ಒರಳುಕಲ್ಲು ಹತ್ತಿದ ಮೇಕೆಯಂತೆ ನಿಂತಿರುತ್ತಿತ್ತು. ನಾನು ಅದನ್ನು ಗಮನಿಸಿರಲಿಲ್ಲ. ಕೊಳ್ಳುವ ಹೊತ್ತಿನಲ್ಲಿ ನಾನು ಸೀಟನ್ನೇ ಸವರುತ್ತಿದ್ದೆ.

ಗಮನಿಸಿದವಳು ಅವ್ವ. ಅವಳಿಗೆ ಮಂಡಿನೋವು. ಹಳೇಬೀಡಿನಲ್ಲಿರುವ ಚಿಕ್ಕವ್ವನ ಮನೆಗೆ ಮೊದಲ ಸವಾರಿ ಹೊರಟ ದಿನ, ನಾನೂ ನನ್ನ ಹೆಂಡತಿಯೂ ಎರಡು ಕಡೆ ಹಿಡಿದು ಅವಳನ್ನು ಮೇಲೆ ಹತ್ತಿಸಿದೆವು. ತೊಡೆಯ ಮೇಲೆ ಮೊಸರಿನ ಗಡಿಗೆ. ತಂಗಿಯ ಮನೆಗೆ ಅವಳು ಮೊಸರಿಲ್ಲದೆ ಹೋದದ್ದೇ ಇಲ್ಲ. ಜಾವಗಲ್ಲು ಮುಟ್ಟುವ ಮೊದಲೇ ಅರ್ಧ ಮೊಸರು ಸೀರೆಯ ಮೇಲಿತ್ತು. ಇಳಿದವಳೇ ತೀರ್ಪು ಕೊಟ್ಟಳು: 'ಹತ್ತಾಕೆ ಏಣಿ ಬೇಕು, ಕುಂತ್ರೆ ಮೊಸ್ರು ಮಜ್ಜಿಗೆ ಆಯ್ತದೆ. ನಂಗೆ ಸರ್ಕಾರಿ ಬಸ್ಸೇ ವಾಸಿ ಕಣಪ್ಪ.'

ಅಲ್ಲಿಂದ ಮುಂದೆ ಅಂಗಳದಲ್ಲಿ ಕಾರು ನಿಂತಿರುತ್ತಿತ್ತು, ಅವ್ವ ಗಡಿಗೆ ಹಿಡಿದು ಬಸ್ ಸ್ಟ್ಯಾಂಡಿಗೆ ಕುಂಟುತ್ತ ಹೋಗುತ್ತಿದ್ದಳು. 'ಏನ್ ಮೇಷ್ಟ್ರೇ, ಕಾರು ಬರೀ ಪೂಜೆಗಾ?' ಎಂದು ಎದುರುಮನೆಯವರು ಕೇಳುತ್ತಿದ್ದರು. ನಿಜ ಹೇಳುತ್ತೇನೆ, ಆ ಕಾರನ್ನು ನಾನು ಕೊಂಡದ್ದೇ ಅವಳನ್ನು ಕೂರಿಸಿಕೊಂಡು ಓಡಾಡಲಿಕ್ಕೆ. ಅವಳು ಕೂರದ ಮೇಲೆ ಆ ಚರ್ಮದ ಸೀಟು ಯಾವ ಚೆಂದಕ್ಕೆ?

ಕಾರನ್ನು ತಗ್ಗಿಸಲು ಆಗುತ್ತದೆಯೇ ಎಂದು ಮೆಕ್ಯಾನಿಕ್ ನಜೀರನನ್ನು ಕೇಳಿದೆ. ಅವನು ಪ್ರಾಮಾಣಿಕ ಮನುಷ್ಯ. 'ಕಮ್ಮೀಲಿ ಆಗ್ಬೇಕಂದ್ರೆ ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿಬಿಡ್ತೀನಿ ಸಾರ್. ಕಾರು ಕೆಳಗೆ ಬರುತ್ತೆ. ಆದ್ರೆ ಅಮ್ಮನ್ನ ಮಾತ್ರ ಕೂರಿಸ್ಬೇಡಿ, ಸೊಂಟ ಹೋಗುತ್ತೆ' ಎಂದ. ಬೆಂಗಳೂರಿನಿಂದ ಹೊಸ ಸೆಟ್ಟು ತರಿಸುವುದಾದರೆ ಅವನು ಹೇಳಿದ ಬೆಲೆಗೆ ನನ್ನ ಕಾರನ್ನೇ ಮಾರಬೇಕಿತ್ತು. ಮಾವನದಂತೂ ಸಿದ್ಧ ಉತ್ತರ: 'ತಗ್ಗಿದ್ರೆ ಕುಲುಕ್ತದೆ, ಮೆತ್ಗಿದ್ರೆ ದುಡ್ಡು ತಿಂತದೆ. ಎಲ್ಡೂ ಒಟ್ಗೆ ಆಗಾಕಿಲ್ಲ ಕಣ್ಲಾ. ಮೂವತ್ತು ವರ್ಸ ಎತ್ತಿನ ಗಾಡಿ ಹೊಡ್ದೋನು ಹೇಳ್ತಾ ಇವ್ನಿ.'

ಆಗ ನನ್ನೊಳಗಿನ ಪದವೀಧರ ಎದ್ದು ಕೂತ. ಕಂಪನಿಯ ಹಳೆಯ ಸ್ಪ್ರಿಂಗುಗಳು ಎಲ್ಲಿ? ಸಾಹುಕಾರರಿಗೆ ಫೋನ್ ಮಾಡಿದೆ. 'ಗೋಡೌನಲ್ಲಿ ಎಲ್ಲೋ ಇರ್ಬೇಕು, ಬಂದು ತಗೊಂಡ್ ಹೋಗಿ ಮೇಷ್ಟ್ರೇ' ಎಂದರು. ಈ ಜಾಣತನವನ್ನು ಮಾವನಿಗೆ ಹೇಳದೆ ಇರಲಾಗದೆ ಗಂಡಸಿಗೆ ಹೋದೆ. ಅವರು ಕೇಳಿಸಿಕೊಂಡು, 'ಹಳೇಬೀಡಿನ ಮ್ಯಾಲೆ ಹೋಗೋ ಗಾಡಿ ಖಾಲಿ ಹೋಗ್ಬಾರ್ದು' ಎಂದು ಚಿಕ್ಕವ್ವನಿಗೆ ಕೊಡಲು ಎರಡು ಮೂಟೆ ತೆಂಗಿನಕಾಯಿ ಡಿಕ್ಕಿಗೆ ಹಾಕಿಸಿದರು. ನಮ್ಮ ಕಡೆ ಇದು ಪದ್ಧತಿ. ಖಾಲಿ ಡಿಕ್ಕಿ ಕಂಡರೆ ನಮ್ಮವರಿಗೆ ಸಂಕಟವಾಗುತ್ತದೆ.

ಬೇಲೂರಿನ ಗೋಡೌನಿನಲ್ಲಿ ನಾಲ್ಕು ಸ್ಪ್ರಿಂಗುಗಳೂ ಸಿಕ್ಕವು. ಒಂದರ ಮೇಲೆ ಕೋಳಿ ಕಾವು ಕೂತಿತ್ತು. ಅದನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಹಳೇಬೀಡಿನಲ್ಲಿ ನಿಲ್ಲಿಸುವುದು ಹೋಗುವಾಗ ಅವಸರದಲ್ಲಿ ಮರೆತಿತ್ತು, ಬರುವಾಗ ಈ ಖುಷಿಯಲ್ಲಿ ಮರೆಯಿತು. ಸ್ಪ್ರಿಂಗುಗಳನ್ನು ಹಿಂದಿನ ಸೀಟಿನಲ್ಲಿ ನೆಂಟರಂತೆ ಕೂರಿಸಿಕೊಂಡು ಸೀದಾ ಅರಸೀಕೆರೆಗೆ ಬಂದೆ.

ನಜೀರ್ ಮರುದಿನ ಅವನ್ನು ಕೂಡಿಸಿದ. ಕಾರು ತಗ್ಗಿತು, ಆದರೆ ಹಿಂಭಾಗ ಎರಡು ಬೆರಳು ಹೆಚ್ಚೇ ತಗ್ಗಿತು. 'ಡಿಕ್ಕೀಲಿ ಏನಾದ್ರೂ ಐತಾ ಸಾರ್?' ಎಂದು ಕೇಳಿದ. 'ಏನೂ ಇಲ್ಲ' ಎಂದೆ, ತರಗತಿಯಲ್ಲಿ ಹೇಳುವ ಗತ್ತಿನಲ್ಲಿ. ಆಮೇಲೆ ಅವನಿಗೆ ಒಂದು ಹಾಳೆಯ ಮೇಲೆ ಚಿತ್ರ ಬರೆದು, ಭಾರ, ಹಿಗ್ಗು, ಕುಗ್ಗು ಎಲ್ಲವನ್ನೂ ಲೆಕ್ಕ ಹಾಕಿ, ಹಿಂದಿನ ಸ್ಪ್ರಿಂಗುಗಳು ಸುಸ್ತಾಗಿವೆ ಎಂದು ಸಾಧಿಸಿದೆ. ಅವನು ಗೌರವದಿಂದ ತಲೆಯಾಡಿಸಿ, ಅವುಗಳ ಕೆಳಗೆ ರಬ್ಬರ್ ತುಂಡು ಇಟ್ಟು ಎತ್ತರ ಸಮ ಮಾಡಿದ.

ಸಂಜೆ ಮಾವ ಬಂದರು. ಅಂಗಳದಲ್ಲಿ ನಿಂತ ಕಾರಿಗೆ ಒಂದು ಸುತ್ತು ಬಂದರು. ನಾನು ಎದೆಯುಬ್ಬಿಸಿ ನಿಂತಿದ್ದೆ. ಆಗ ಅವರು ಕೇಳಿದರು: 'ಅಲ್ಲ ಕಣ್ಲಾ, ಕಾಯಿ ಬಂದಿಲ್ಲ ಅಂತ ಹಳೇಬೀಡಿಂದ ಫೋನು ಬಂದೈತೆ. ಮೂಟೆ ಎಲ್ಲಿ?'

ನಾನು ಉತ್ತರಿಸುವ ಮೊದಲೇ ಅವರು ಡಿಕ್ಕಿ ತೆಗೆದಿದ್ದರು. ಮೊದಲ ಮೂಟೆ ಇಳಿಸಿದರು. ಕಾರಿನ ಹಿಂಭಾಗ ಮೆಲ್ಲಗೆ ಎದ್ದಿತು. ಎರಡನೆಯದನ್ನು ಇಳಿಸಿದರು, ಬಾಲ ಎತ್ತಿದ ಕರುವಿನಂತೆ ಪೂರ್ತಿ ಎದ್ದು ನಿಂತಿತು. ಜಗಲಿಯ ಮೇಲಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾವ ನಗಲಿಲ್ಲ. 'ಈ ಮೂಟೆ ಜಲ್ಮಪೂರ್ತಿ ಅಲ್ಲೇ ಇರ್ಲಿ ಬುಡು, ಸರಿಹೋಯ್ತದೆ' ಎಂದರು.

ಮಾರನೆಯ ದಿನ ನಜೀರ್ ರಬ್ಬರ್ ತೆಗೆದ. ನನ್ನ ಲೆಕ್ಕದ ಹಾಳೆಯಿಂದ ಕೈಯ ಗ್ರೀಸು ಒರೆಸಿಕೊಂಡ. ಕಾರು ನಾಲ್ಕೂ ಮೂಲೆಗೆ ಸಮನಾಗಿ ಕೂತಿತು. ಚಕ್ರಗಳ ನೇರ ನೋಡಿ, ಎಲ್ಲ ಸರಿಯಿದೆ ಎಂದು ಮುದ್ರಿಸಿದ ಒಂದು ಹಾಳೆಯನ್ನು, 'ತಗೊಳಿ ಸಾರ್, ನಿಮ್ ಸರ್ಟಿಫಿಕೇಟು' ಎಂದು ನನ್ನ ಕೈಗಿತ್ತ.

ಭಾನುವಾರ ಅವ್ವ ಯಾರ ಕೈಯನ್ನೂ ಹಿಡಿಯದೆ ಬಾಗಿಲು ತೆಗೆದು ಕೂತಳು. ತೊಡೆಯ ಮೇಲೆ ಬಾಯಿಮಟ್ಟ ತುಂಬಿದ ಮೊಸರಿನ ಗಡಿಗೆ. ಹಿಂದಿನ ಸೀಟಿನಲ್ಲಿ ಮಾವ, ರಸ್ತೆಯ ಪ್ರತಿ ಉಬ್ಬಿಗೂ ಗಡಿಗೆಯನ್ನೇ ಇಣುಕುತ್ತ. ಜಾವಗಲ್ಲು ದಾಟಿತು, ಹಳೇಬೀಡು ಬಂತು. ಒಂದು ಹನಿ ಚೆಲ್ಲಲಿಲ್ಲ. ಮಾವ ಇಳಿದು ಪಂಚೆ ಸರಿಮಾಡಿಕೊಳ್ಳುತ್ತ, 'ರೋಡು ಚೆನ್ನಾಗಿ ಮಾಡವ್ರೆ ಈಗ' ಎಂದರು. ಅವರಿಂದ ಅದಕ್ಕಿಂತ ದೊಡ್ಡ ಪದವಿ ನನಗೆ ಸಿಗುವುದಿಲ್ಲ.

ಮನೆಗೆ ಬಂದು ನಜೀರನ ಹಾಳೆಯನ್ನು ಅವ್ವನಿಗೆ ಕೊಟ್ಟೆ. ಅವಳು ಟ್ರಂಕು ತೆಗೆದು, ಧಾರೆ ಸೀರೆ ಎತ್ತಿ, ಹಳೆಯ ಪ್ಲಾಸ್ಟಿಕ್ ಕವರಿನೊಳಗೆ ಡಿಗ್ರಿಯ ಪಕ್ಕಕ್ಕೆ ಅದನ್ನು ತೂರಿಸಿದಳು. ಆಮೇಲೆ ತಿರುಗಿ ಕೇಳಿದಳು:

'ಇದು ಎಷ್ಟ್ನೇ ಸಲಕ್ಕೆ ಪಾಸಾಯ್ತು ಮಗ?'

'ಎರಡನೇ ಸಲಕ್ಕೆ ಅವ್ವ.'

'ಅದು ಮೂರ್ನೇ ಸಲಕ್ಕಲ್ವಾ? ಸುಧಾರ್ಸಿದೀಯ ಬುಡು' ಎಂದು ಟ್ರಂಕಿನ ಮುಚ್ಚಳ ಹಾಕಿದಳು.