ಅವ್ವನ ಕಣ್ಣಿಗೊಂದು ಡಿಮ್ಮರ್

ತನಗೆ ಬಾರದ ಕೆಲಸವನ್ನು ಬಾರದು ಎಂದು ಒಪ್ಪಿಕೊಳ್ಳುವ ಗಂಡಸರು ಎಲ್ಲೋ ಇದ್ದಾರಂತೆ. ನಮ್ಮ ವಂಶದಲ್ಲಂತೂ ಹುಟ್ಟಿಲ್ಲ. ನಮ್ಮಪ್ಪ ಒಮ್ಮೆ ತನ್ನ ಸೈಕಲ್ಲಿಗೆ ತಾನೇ ಪಂಕ್ಚರ್ ಹಾಕಲು ಕೂತು, ಸಂಜೆಯ ಹೊತ್ತಿಗೆ ಆ ಟ್ಯೂಬನ್ನು ಕತ್ತರಿಸಿ ಹಿತ್ತಲ ಗೇಟಿಗೆ ಕಟ್ಟಿ, 'ಬೇಕಂತಲೇ ಹಿಂಗೆ ಮಾಡ್ದೆ' ಎಂದಿದ್ದರು. ನನಗೆ ಬಂದ ಪಿತ್ರಾರ್ಜಿತವೆಂದರೆ ಅದೊಂದೇ. ಅದರ ಮೇಲೆ ನಾನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಹದಿನೆಂಟು ವರ್ಷ ಕಿಟಕಿಯೊಳಗಿಂದ ವೈರು, ಸ್ವಿಚ್ಚು, ಹೋಲ್ಡರು ಎತ್ತಿ ಕೊಟ್ಟೂ ಕೊಟ್ಟೂ, ಕರೆಂಟಿನ ಕೆಲಸವೆಲ್ಲ ನನಗೆ ಬರುತ್ತದೆ ಎಂಬ ಧೈರ್ಯ ಹೇಗೋ ಮೈಗೂಡಿಬಿಟ್ಟಿತ್ತು. "ನೀವು ಕೊಡೋರು ರೀ, ಹಾಕೋರಲ್ಲ" ಎಂದು ನನ್ನ ಹೆಂಡತಿ ರತ್ನ ಆಗಾಗ ನೆನಪಿಸುತ್ತಿದ್ದಳು. ಒಳ್ಳೆಯ ಮಾತು ಕೇಳಿದರೆ ನಾನು ನಮ್ಮಪ್ಪನ ಮಗ ಹೇಗಾದೇನು?

ತೊಂಬತ್ತರ ದಶಕದ ಮಾತು. ಅಪ್ಪ ಹೋದ ಮೇಲೆ ಅವ್ವ ಟಿ. ನರಸೀಪುರದಲ್ಲಿ ಅಣ್ಣನ ಮನೆಯಲ್ಲಿದ್ದಳು. ನಮ್ಮ ಮನೆಗೆ ಬಂದರೆ ಮೂರನೆಯ ದಿನಕ್ಕೆ ಚೀಲ ಕಟ್ಟುತ್ತಿದ್ದಳು. ನನಗೆ ಅದು ಒಳಗೊಳಗೇ ನೋವು. ನಾನೇನು ಹೆತ್ತ ಮಗ ಅಲ್ಲವೇ? ಮೈಸೂರಿನಲ್ಲಿ ಅವಳ ಎಡಗಣ್ಣಿನ ಪೊರೆ ತೆಗೆಸಿದಾಗ, ಆಸ್ಪತ್ರೆಗೆ ನಮ್ಮ ಮನೆಯೇ ಹತ್ತಿರ ಎಂದು ವಾದ ಮಾಡಿ ನೇರವಾಗಿ ಇಲ್ಲಿಗೇ ಕರೆತಂದೆ. ಈ ಸಲ ಒಂದು ತಿಂಗಳಾದರೂ ಇರಿಸಿಕೊಳ್ಳಬೇಕು ಎಂಬುದು ನನ್ನ ಹಟ. ಅಣ್ಣ ಮಾತ್ರ, "ಹತ್ತು ದಿನ ಬಿಟ್ಟು ಬತ್ತೀನಿ. ಅವ್ವಂಗೆ ಕಷ್ಟ ಆಗ್ತಿದೆ ಅನ್ನಿಸಿದ್ರೆ ಜೊತೇಲೇ ಕರ್ಕೊಂಡು ಹೋಗ್ಬಿಡ್ತೀನಿ" ಎಂದು ಎಚ್ಚರಿಕೆ ಕೊಟ್ಟೇ ಹೋದ.

ಕಷ್ಟ ಎರಡನೆಯ ದಿನಕ್ಕೇ ಶುರುವಾಯಿತು. ಹಾಲಿನಲ್ಲಿ ನೂರು ಕ್ಯಾಂಡಲ್ ಬಲ್ಬು. ಅದರ ಕೆಳಗೇ ಅವ್ವನ ಮಂಚ. "ಕಣ್ಗೆ ಕುಕ್ತದೆ ಕಣ್ಲಾ ಮಗ" ಎಂದಳು. ಹಾಗೆಂದು ದೀಪ ಹಾಕದೆ ಇರುವಂತಿಲ್ಲ. ಹೊತ್ತು ಮುಳುಗುವಾಗ ಮನೆಯಲ್ಲಿ ಬೆಳಕಿರಬೇಕು, ಅದೂ ತನ್ನ ಕೈಯಾರೆ ಹಾಕಬೇಕು, ಹಾಕಿದೊಡನೆ ಬಲ್ಬಿಗೆ ಕೈ ಮುಗಿಯಬೇಕು. ದೇವರ ಮನೆಯ ದೀಪವನ್ನು ರತ್ನಳಿಗೆ ಬಿಟ್ಟುಕೊಟ್ಟಿದ್ದ ಅವ್ವ, ಹಾಲಿನ ಬಲ್ಬನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. "ಒಂದು ಝೀರೋ ಬಲ್ಬ್ ತಂದು ಹಾಕಿದ್ರೆ ಮುಗೀತಲ್ಲ" ಎಂದಳು ರತ್ನ. ಝೀರೋ ಬಲ್ಬು ಹಾಕುವುದಕ್ಕೆ ಹದಿನೆಂಟು ವರ್ಷದ ಸರ್ವೀಸು ಬೇಕೇ? ನಾನು ಮೈಸೂರಿಗೆ ಹೋಗಿ ಡಿಮ್ಮರ್ ತಂದೆ. ಫ್ಯಾನಿನ ರೆಗ್ಯುಲೇಟರಿನಂಥದೇ ಒಂದು ತಿರುಪು. ತಿರುಗಿಸಿದರೆ ಬೆಳಕು ಹೆಚ್ಚಬೇಕು, ತಗ್ಗಬೇಕು.

ನಮ್ಮ ಹಾಲಿನ ಬಲ್ಬಿಗೆ ಎರಡು ಸ್ವಿಚ್ಚು. ಒಂದು ಮುಂಬಾಗಿಲ ಪಕ್ಕ, ಇನ್ನೊಂದು ಮಂಚದ ಪಕ್ಕ. ಎಲ್ಲಿಂದ ಬೇಕಾದರೂ ಹಾಕಬಹುದು, ಎಲ್ಲಿಂದ ಬೇಕಾದರೂ ಆರಿಸಬಹುದು. ಟೂ ವೇ ಎನ್ನುತ್ತಾರೆ. ರಾತ್ರಿ ಬಾಗಿಲು ಹಾಕಿ ಬರುವಾಗ ರತ್ನ ಮುಂಬಾಗಿಲ ಸ್ವಿಚ್ಚಿನಿಂದಲೇ ಆರಿಸುತ್ತಿದ್ದಳು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮಾದೇವನನ್ನು ಕರೆಯಬಹುದಿತ್ತು. ಆದರೆ ನನ್ನ ಕೈಯಿಂದಲೇ ಸಾಮಾನು ಈಸಿಕೊಳ್ಳುವವನನ್ನು ನಾನು ಕರೆಯುವುದೇ? ಭಾನುವಾರ ಮೇನ್ ಆಫ್ ಮಾಡಿ, ರಬ್ಬರ್ ಚಪ್ಪಲಿ ಮೆಟ್ಟಿ, ಮಂಚದ ಪಕ್ಕದ ಸ್ವಿಚ್ ಬೋರ್ಡು ಬಿಚ್ಚಿದೆ. ಒಳಗೆ ಮೂರು ವೈರು. ಡಿಮ್ಮರಿನ ಡಬ್ಬಿಯಲ್ಲಿ ಚಿತ್ರ ಬರೆದ ಚೀಟಿಯೊಂದಿತ್ತು. ಚೀಟಿ ನೋಡಿ ಮಾಡುವವನು ಎಂಥ ಕೆಲಸಗಾರ ಎಂದು ಅದನ್ನು ಮಡಿಸಿ ಜೇಬಿಗಿಟ್ಟು, ಕೈಗೆ ಸಲೀಸಾಗಿ ಸಿಕ್ಕಿದ ವೈರನ್ನು ಕತ್ತರಿಸಿ ನಡುವೆ ಡಿಮ್ಮರ್ ಸೇರಿಸಿದೆ.

ಸೇರಿಸಿದೆ, ಉರಿಯಿತು! ತಿರುಗಿಸಿದರೆ ಕುಗ್ಗಿತು, ಹಿಂದಕ್ಕೆ ತಿರುಗಿಸಿದರೆ ಹಿಗ್ಗಿತು. ಮಂಚದ ಸ್ವಿಚ್ಚನ್ನು ಹತ್ತು ಸಲ ಹಾಕಿ ಆರಿಸಿ ನೋಡಿದೆ, ಎಳ್ಳಷ್ಟೂ ತಪ್ಪಿಲ್ಲ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ನಾನು ಬೆಳಕನ್ನು ನಿಧಾನವಾಗಿ ಏರಿಸುತ್ತಿದ್ದರೆ, ಯಾವ ಹಂತದಲ್ಲಿ ಕೈ ಮುಗಿಯಬೇಕೋ ತಿಳಿಯದೆ ಅವ್ವ ಮೊದಲಿಂದ ಕೊನೆಯವರೆಗೂ ಕೈ ಜೋಡಿಸಿಕೊಂಡೇ ನಿಂತಿದ್ದಳು. ಎದುರು ಮನೆಯವರು, "ಪರವಾಗಿಲ್ಲ ಕಣ್ರೀ, ಸಿನಿಮಾ ಟಾಕೀಸ್ ಇದ್ದಂಗಿದೆ" ಎಂದರು. ಆ ಮಾತು ಕೇಳಿ ನನ್ನ ಎದೆ ಎರಡಂಗುಲ ಉಬ್ಬಿದ್ದು ಸುಳ್ಳಲ್ಲ.

ಮಾರನೆಯ ಸಂಜೆ ಕೆಲಸದಿಂದ ಬಂದಾಗ ಮನೆ ಕತ್ತಲು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. "ದೀಪ ಆಕ್ದೆ ಕಣಪ್ಪ. ಬಗ್ಗನೆ ಅತ್ಕತ್ತು. ತಿರುಪು ತಿರುವುದ್ರೂ ಕೇಳ್ನಿಲ್ಲ. ಅದ್ಕೇ ಆರ್ಸ್ಬುಟ್ಟೆ" ಎಂದಳು. ನಾನು ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದೆ. ಹಣತೆಯಷ್ಟು ಮೆತ್ತಗೆ ಉರಿಯಿತು. "ಸರಿಯಾಗೇ ಇದೆಯಲ್ಲವ್ವ, ನೀನೇ ಏನೋ ತಿರುಚಿರ್ತೀಯ" ಎಂದು ಗದರಿದೆ. ಮಂಗಳವಾರವೂ ಇದೇ ಕಥೆ. ಬಂದು ನಾನು ಒತ್ತಿದರೆ ಹೇಳಿದಂತೆ ಕೇಳುವ ಬಲ್ಬು, ಅವ್ವ ಒತ್ತಿದರೆ ಮೈಮೇಲೆ ಬರುತ್ತದೆಯೇ? "ಗೊತ್ತಿಲ್ದಿದ್ರೆ ಮುಟ್ಟಬಾರದವ್ವ" ಎಂದುಬಿಟ್ಟೆ. ಹೆತ್ತ ತಾಯಿಗೆ ಆಡಿದ ಮಾತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಬುಧವಾರದಿಂದ ದೂರು ನಿಂತಿತು. ನಾನು ಬರುವ ಹೊತ್ತಿಗೆ ಬೆಳಕು ಹದವಾಗಿ ಉರಿಯುತ್ತಿರುತ್ತಿತ್ತು. ಅವ್ವ ಕೊನೆಗೂ ಕಲಿತಳು ಎಂದುಕೊಂಡೆ.

ಮುಂದಿನ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ. ಅವನನ್ನು ದೀಪ ಹಾಕುವ ಹೊತ್ತಿನವರೆಗೂ ಮಾತಿನಲ್ಲಿ ಹಿಡಿದಿಟ್ಟುಕೊಂಡು, "ಅವ್ವಂಗೆ ಏನು ವ್ಯವಸ್ಥೆ ಮಾಡಿದ್ದೀನಿ ನೋಡು" ಎಂದು ಮಂಚದ ಸ್ವಿಚ್ಚು ಒತ್ತಿದೆ. ಬಗ್ಗನೆ ಹತ್ತಿತು, ಪೂರ್ತಿ ನೂರು ಕ್ಯಾಂಡಲ್ಲು! ಡಿಮ್ಮರನ್ನು ಎಡಕ್ಕೆ ತಿರುವಿದೆ, ಬಲಕ್ಕೆ ತಿರುವಿದೆ. ಅದು ಯಾರೋ ಪರರ ಮಾತು ಕೇಳಿದಂತೆ ಸುಮ್ಮನಿತ್ತು. ಅಣ್ಣ ಒಮ್ಮೆ ಬಲ್ಬನ್ನು, ಒಮ್ಮೆ ನನ್ನನ್ನು ನೋಡಿದ. ಅವ್ವ ಕಣ್ಣಿಗೆ ಸೆರಗು ಅಡ್ಡ ಹಿಡಿದು ಎದ್ದಳು. "ಕೈ ತೆಗಿ ಮಗ" ಎಂದು ಸ್ವಿಚ್ಚು ಆರಿಸಿ, ಮಬ್ಬುಗತ್ತಲಲ್ಲಿ ಗೋಡೆ ಸವರಿಕೊಂಡು, ಸ್ಟೂಲಿಗೆ ಮಂಡಿ ತಾಗಿಸಿಕೊಂಡು ಮುಂಬಾಗಿಲವರೆಗೂ ಹೋಗಿ ಅಲ್ಲಿನ ಸ್ವಿಚ್ಚು ಒತ್ತಿದಳು. ಮೆತ್ತನೆಯ ಬೆಳಕು ಬಂತು. ಕೈ ಮುಗಿದಳು. "ಇದ ಇಲ್ಲಿಂದ್ಲೇ ಆಕ್ಬೇಕು. ಅಲ್ಲಿಂದ ಆಕುದ್ರೆ ಉರ್ದ್ಬುಡ್ತದೆ" ಎಂದಳು.

ಬುಧವಾರದಿಂದ ದಿನಾ ಹೀಗೆ ನಡೆದಿದ್ದಳು. ಹಾಲಿಗೆ ಇಣುಕಿದ ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅವಳಿಗೂ ಗೊತ್ತಿತ್ತು. "ಯಾಕವ್ವ ನನಗೆ ಹೇಳ್ಲಿಲ್ಲ?" ಎಂದೆ. "ಯೋಳುದ್ರೆ ನೀನೇ ತಿರುಚಿದ್ದೀಯ ಅಂದ್ಯಲ್ಲಪ್ಪ. ಅದ್ರ ಮ್ಯಾಲೆ ಬೀದಿಯೋರ್ಗೆಲ್ಲ ತೋರುಸ್ಬುಟ್ಟಿದ್ದೆ. ನೀನು ಪೆಚ್ಚಾಗ್ಬಾರ್ದು ಅಂತ ನಾನೇ ಸುಮ್ಕಾದೆ" ಎಂದಳು. ಅಣ್ಣ ಎದ್ದು, "ಚೀಲ ಎಲ್ಲಿದೆ ಅವ್ವ? ನಡಿ ಹೋಗಾನ" ಎಂದ. ನಾನು ಯಾವ ಮುಖ ಇಟ್ಟುಕೊಂಡು ತಡೆಯಲಿ?

ಅವ್ವ ಮಾತ್ರ ಮಂಚದ ಮೇಲೆ ಗಟ್ಟಿಯಾಗಿ ಕೂತಳು. "ನಾನು ಬರಾಕಿಲ್ಲ ಕಣಪ್ಪ. ಇವನ್ನ ಬುಟ್ಟು ಬಂದ್ರೆ ನಾಳೀಕೆ ಫ್ಯಾನ್ ಬಿಚ್ತಾನೆ. ಈ ಎಣ್ಮಗ ಒಬ್ಳೇ ಏನ್ ಮಾಡಾಳು?" ಎಂದಳು. ಒಂದು ತಿಂಗಳು ಅವ್ವ ನನ್ನ ಮನೆಯಲ್ಲಿ ಉಳಿದದ್ದು ಹೀಗೆ.

ಸೋಮವಾರ ಸಂಜೆ ಮಾದೇವನನ್ನು ಕರೆತಂದೆ. ಬೋರ್ಡು ಬಿಚ್ಚಿದವನೇ ನಕ್ಕ. ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಎರಡು ವೈರು ಹೋಗುತ್ತವೆ, ಕರೆಂಟು ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಹರಿಯುತ್ತದೆ. ನಾನು ಡಿಮ್ಮರನ್ನು ಅವೆರಡರಲ್ಲಿ ಒಂದಕ್ಕೆ ಮಾತ್ರ ಹಾಕಿದ್ದೆ, ಇನ್ನೊಂದರಲ್ಲಿ ಹರಿದಾಗ ಕರೆಂಟಿಗೆ ತಡೆಯೇ ಇರಲಿಲ್ಲ. ಹಾಕಬೇಕಾದದ್ದು ಬಲ್ಬಿಗೆ ಹೋಗುವ ಮೂರನೆಯ ವೈರಿಗೆ. ಹತ್ತು ನಿಮಿಷದಲ್ಲಿ ಬದಲಾಯಿಸಿ, ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಳ್ಳುತ್ತಾ, "ಅಲ್ಲ ಸಾ, ಯಾರ್ ಸಾ ಇದ ಆಕಿದ್ದು?" ಎಂದು ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದಿಂದ ಅವ್ವ, "ಯಾರೋ ಮೈಸೂರಿಂದ ಬಂದಿದ್ದ ಕಣಪ್ಪ" ಎಂದಳು.

ಮಾದೇವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. "ಅಂಗಾ? ಇನ್ಮ್ಯಾಕೆ ಅವನ್ನ ಮನೆ ಒಳೀಕೆ ಬುಟ್ಕಬ್ಯಾಡಿ ಸಾ" ಎಂದ.

"ಸೇರಿಸೋದೇ ಇಲ್ಲ ಬಿಡು" ಎಂದು ನಾನೂ ಆ ಮೈಸೂರಿನವನನ್ನು ಬಾಯಿ ತುಂಬ ಬೈದೆ.